ಎಳೆಯೋದು ಸುಲಭ, ನಿಲ್ಲಿಸೋದು ಕಷ್ಟ: ದೋಣಿಯ ಟ್ರೇಲರ್ ಕಟ್ಟುವ ಕ್ರಮ

ಮೇ ತಿಂಗಳ ನಡುವಿನಲ್ಲಿ ಮಿನೆಸೋಟಾದಲ್ಲಿ ವಾಲೈ ಮೀನು ಹಿಡಿಯುವ ಕಾಲ ಶುರುವಾಗುತ್ತದೆ. ಅದರ ಹಿಂದಿನ ಶುಕ್ರವಾರ ಸಂಜೆ, ಮಿನಿಯಾಪೊಲಿಸ್ ಕಡೆಯಿಂದ ಮಿಲ್ ಲ್ಯಾಕ್ಸ್ ಕೆರೆಗೆ ಹೋಗುವ 169ನೇ ಹೆದ್ದಾರಿಯಲ್ಲಿ ಎತ್ತ ನೋಡಿದರೂ ಗಾಡಿಗಳ ಬೆನ್ನಿಗೆ ದೋಣಿ. ಹತ್ತು ಸಾವಿರ ಕೆರೆಗಳ ಬಿರುದನ್ನು ಕಾರಿನ ನಂಬರ್ ಪ್ಲೇಟಿನ ಮೇಲೇ ಬರೆದುಕೊಂಡ ರಾಜ್ಯ ಇದು. ಇಲ್ಲಿಗೆ ಕೆಲಸಕ್ಕೆ ಬಂದ ಕನ್ನಡಿಗರಲ್ಲೂ ಯಾರಾದರೊಬ್ಬರು ಒಂದು ಬೇಸಿಗೆಯಲ್ಲಿ ಸೆಕೆಂಡ್ ಹ್ಯಾಂಡ್ ದೋಣಿ ತಂದು ಮನೆ ಮುಂದೆ ನಿಲ್ಲಿಸುತ್ತಾರೆ. ನೀರಿನ ಮೇಲೆ ಅದನ್ನು ಓಡಿಸಲು ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ರಸ್ತೆಯ ಮೇಲೆ ಎಳೆದುಕೊಂಡು ಹೋಗುವ ವಿಷಯ ಬಂದಾಗ ಮಾತ್ರ, "ಅದರಲ್ಲೇನಿದೆ, ಹಿಂದೆ ಕಟ್ಟಿದ್ರೆ ಬರುತ್ತೆ" ಎಂದು ಮುಗಿಸಿಬಿಡುತ್ತಾರೆ.

ಬರುತ್ತೆ, ನಿಜ. ಈಗಿನ ದೊಡ್ಡ ಎಸ್‌ಯುವಿಗಳು ಒಂದೂವರೆ ಟನ್ನನ್ನು ಗೊತ್ತೇ ಆಗದ ಹಾಗೆ ಎಳೆಯುತ್ತವೆ. ತೊಂದರೆಯೂ ಅಲ್ಲೇ ಇದೆ. ಇಂಜಿನ್ನಿನ ಶಕ್ತಿ ನೋಡಿ ಧೈರ್ಯ ಬರುತ್ತದೆ. ಆದರೆ ಟ್ರೇಲರ್ ಅನಾಹುತ ಮಾಡುವುದು ಸಮಯಕ್ಕೆ ನಿಲ್ಲದೆ ಹೋದಾಗ, ಇಲ್ಲವೇ ಹಿಂದೆ ಓಲಾಡಲು ಶುರುವಾಗಿ ಹಿಡಿತಕ್ಕೆ ಸಿಗದಾಗ. ಈ ಎರಡರ ಬಹುಪಾಲು ತೀರ್ಮಾನ ಮನೆ ಮುಂದೆಯೇ, ಗಾಡಿ ಹೊರಡುವ ಮೊದಲೇ ಆಗಿಹೋಗಿರುತ್ತದೆ.

ಬ್ರೋಷರಿನ ತೂಕ ಬೇರೆ, ರಸ್ತೆಯ ತೂಕ ಬೇರೆ

ಮೊದಲು ಲೆಕ್ಕ. ಹದಿನೆಂಟು ಅಡಿಯ ಮೀನು ಹಿಡಿಯುವ ದೋಣಿ ಎಂದಿಟ್ಟುಕೊಳ್ಳಿ. ಬ್ರೋಷರಿನಲ್ಲಿ 1,900 ಪೌಂಡ್ ಎಂದಿರುತ್ತದೆ. ಅದು ಬರೀ ಒಡಲಿನ ತೂಕ. ಹಿಂದೆ ತೂಗುಹಾಕುವ 115 ಹಾರ್ಸ್‌ಪವರ್ ಇಂಜಿನ್ನಿಗೆ ಸುಮಾರು 375 ಪೌಂಡ್ ಸೇರಿಸಿ. ಪೆಟ್ರೋಲು ಗ್ಯಾಲನ್ನಿಗೆ ಸುಮಾರು 6 ಪೌಂಡ್ ತೂಗುತ್ತದೆ, 30 ಗ್ಯಾಲನ್ ಟ್ಯಾಂಕ್ ತುಂಬಿಸಿದರೆ 180. ಬ್ಯಾಟರಿಗಳು 150, ಲಂಗರು, ಲೈಫ್ ಜಾಕೆಟ್, ಐಸ್ ಪೆಟ್ಟಿಗೆ, ಗಾಳದ ಸಾಮಾನು ಎಲ್ಲ ಸೇರಿ 250. ಕೊನೆಗೆ ಎಲ್ಲರೂ ಮರೆಯುವ ಟ್ರೇಲರಿನದೇ ತೂಕ 900. ಕೂಡಿಸಿದರೆ 3,755 ಪೌಂಡ್, ಅಂದರೆ ಸುಮಾರು 1,700 ಕಿಲೋ. ಬ್ರೋಷರಿನ ಅಂಕಿಗೆ ಹತ್ತಿರ ಹತ್ತಿರ ಎರಡು ಪಟ್ಟು.

ಟ್ರೇಲರ್ ಸಿಕ್ಕಿಸಲು ಗಾಡಿಯ ಹಿಂಭಾಗಕ್ಕೆ ಹಾಕಿಸುವ ಕೊಂಡಿ, ಅಂದರೆ ಹಿಚ್‌ಗೆ ದರ್ಜೆಗಳಿವೆ. ಒಂದನೇ ದರ್ಜೆಯದು 2,000 ಪೌಂಡ್‌ವರೆಗೆ, ಎರಡನೆಯದು 3,500ರವರೆಗೆ. ನಮ್ಮ ಉದಾಹರಣೆಯ ದೋಣಿಗೆ ಎರಡನೇ ದರ್ಜೆ ಸಾಲದು, ಮೂರನೆಯದು ಬೇಕು. ಹಾಗೆಂದು ಹಿಚ್ ಒಂದನ್ನೇ ದೊಡ್ಡದು ಹಾಕಿಸಿದರೆ ಗಾಡಿಯ ತಾಕತ್ತು ಹೆಚ್ಚುವುದಿಲ್ಲ. ಗಾಡಿಯ ಕೈಪಿಡಿ, ಹಿಚ್, ಅದರ ಮೇಲಿನ ಉಕ್ಕಿನ ಗುಂಡು ಅಂದರೆ ಬಾಲ್, ಟ್ರೇಲರ್, ಟೈರು ಇಷ್ಟಕ್ಕೂ ಒಂದೊಂದು ಮಿತಿ ಬರೆದಿರುತ್ತದೆ. ಅವುಗಳಲ್ಲಿ ಎಲ್ಲಕ್ಕಿಂತ ಚಿಕ್ಕ ಅಂಕಿಯೇ ನಿಮ್ಮ ಮಿತಿ. ಲೆಕ್ಕದ ಮೇಲೆ ನಂಬಿಕೆ ಇಲ್ಲದವರು ಒಮ್ಮೆ ಲಾರಿಗಳು ನಿಲ್ಲುವ ಟ್ರಕ್ ಸ್ಟಾಪಿನ ವೇ ಬ್ರಿಡ್ಜ್ ಮೇಲೆ ಹತ್ತಿಸಿ ನೋಡಿ. ನಾಲ್ಕು ಕಾಸಿನ ಖರ್ಚು, ಎಲ್ಲ ಅನುಮಾನ ಪರಿಹಾರ.

ಮುಂಭಾರ ಎಷ್ಟಿರಬೇಕು

ಇನ್ನು ನಿಜವಾದ ಮಾತಿಗೆ ಬರೋಣ. ಒಟ್ಟು ತೂಕಕ್ಕಿಂತ ಮುಖ್ಯವಾದದ್ದು ಆ ತೂಕ ಎಲ್ಲಿ ಕೂತಿದೆ ಎಂಬುದು. ಎತ್ತಿನ ಗಾಡಿಗೆ ಹೇರು ಹಾಕಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಹಿಂಭಾರ ಆದರೆ ನೊಗ ಮೇಲೆದ್ದು ಎತ್ತಿನ ಕೊರಳು ಹಿಡಿಯುತ್ತದೆ, ಮುಂಭಾರ ಹೆಚ್ಚಾದರೆ ಹೆಗಲು ಕುಸಿಯುತ್ತದೆ. ಟ್ರೇಲರಿಗೂ ಇದೇ ನ್ಯಾಯ. ಟ್ರೇಲರಿನ ಮೂತಿ ಗಾಡಿಯ ಹಿಂದಿನ ಬಾಲ್ ಮೇಲೆ ಕೆಳಮುಖವಾಗಿ ಒತ್ತುವ ಭಾರಕ್ಕೆ ಇಲ್ಲಿಯವರು ಟಂಗ್ ವೇಟ್ ಎನ್ನುತ್ತಾರೆ. ಸಾಮಾನ್ಯ ಟ್ರೇಲರುಗಳಿಗೆ ಅದು ಒಟ್ಟು ತೂಕದ ಶೇಕಡಾ 10ರಿಂದ 15 ಇರಬೇಕು ಎಂಬುದು ಅಮೆರಿಕದ ರೂಢಿ. ದೋಣಿಯ ಟ್ರೇಲರುಗಳಿಗೆ ಕೆಲವು ತಯಾರಕರು ಅದಕ್ಕಿಂತ ತುಸು ಕಡಿಮೆ ಹೇಳುತ್ತಾರೆ, ನಿಮ್ಮ ಕೈಪಿಡಿ ಹೇಳಿದ್ದೇ ಅಂತಿಮ. ನಮ್ಮ 3,755 ಪೌಂಡಿಗೆ ಹತ್ತು ಶೇಕಡಾ ಎಂದರೆ 375.

ಈ 375 ಪೌಂಡು ಟ್ರೇಲರಿನ ಲೆಕ್ಕದ ಜೊತೆಗೆ ಗಾಡಿಯ ಲೆಕ್ಕಕ್ಕೂ ಬರುತ್ತದೆ. ಡ್ರೈವರ್ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಎಂದು ಅದರಲ್ಲಿ ಬರೆದಿರುತ್ತದೆ. ಅಲ್ಲಿ 1,200 ಎಂದಿದ್ದರೆ, ಮೂತಿಯ ಭಾರ ಕಳೆದು ಉಳಿಯುವುದು 825. ಊರಿಂದ ಬಂದ ಅಪ್ಪ ಅಮ್ಮ, ಗಂಡ ಹೆಂಡತಿ, ಬೆಳೆದ ಮಗ, ಅವರ ಚೀಲ, ಚಿತ್ರಾನ್ನದ ಡಬ್ಬಿ ಎಲ್ಲ ಹತ್ತಿದರೆ ಅಷ್ಟರೊಳಗೇ ಮುಗಿಯಿತು. ಗಾಡಿಗೆ ಎಳೆಯುವ ಶಕ್ತಿ 5,000 ಪೌಂಡ್ ಇದೆ ಎಂದು ಬೀಗುವವರು ಬಹುತೇಕ ಎಡವುವುದು ಈ ಸ್ಟಿಕ್ಕರಿನ ಮುಂದೆ.

ಮೂತಿಯ ಭಾರ ಅಳೆಯಲು ಮನೆಯ ಬಚ್ಚಲುಮನೆಯ ತೂಕದ ಯಂತ್ರವೇ ಸಾಕು. ಅದರ ಮಿತಿ ಸಾಲದು ಎನ್ನುವುದಾದರೆ ಒಂದು ಉಪಾಯವಿದೆ. ಗಟ್ಟಿ ಹಲಗೆಯೊಂದರ ಒಂದು ತುದಿಯನ್ನು ಇಟ್ಟಿಗೆಯ ಮೇಲೂ ಇನ್ನೊಂದು ತುದಿಯನ್ನು ತೂಕದ ಯಂತ್ರದ ಮೇಲೂ ಇಡಿ. ಎರಡೂ ಆಸರೆಯ ನಡುವೆ ಮೂರು ಅಡಿ ಅಂತರವಿರಲಿ, ಹಲಗೆ ಮಟ್ಟವಾಗಿರಲಿ. ಟ್ರೇಲರಿನ ಮೂತಿಯನ್ನು ಇಟ್ಟಿಗೆಯಿಂದ ಒಂದು ಅಡಿ ದೂರಕ್ಕೆ ಇಳಿಸಿ. ಹಲಗೆಯ ಸ್ವಂತ ಭಾರ ಕಳೆದು ಯಂತ್ರ ತೋರಿಸಿದ್ದನ್ನು ಮೂರರಿಂದ ಗುಣಿಸಿದರೆ ಮೂತಿಯ ಭಾರ ಸಿಕ್ಕಿತು. ಟ್ರೇಲರಿನ ಚಕ್ರಗಳಿಗೆ ಮುಂದೆ ಹಿಂದೆ ಅಡ್ಡ ಕೊಟ್ಟೇ ಈ ಕೆಲಸ ಮಾಡಿ. ಭಾರ ಕಡಿಮೆ ಬಂದರೆ ದೋಣಿಯೊಳಗಿನ ಸಾಮಾನನ್ನು ಮುಂದಕ್ಕೆ ಸರಿಸಬಹುದು. ಅಷ್ಟಕ್ಕೆ ಆಗದಿದ್ದರೆ ದೋಣಿಯ ಮೂಗು ಒರಗುವ ಕಂಬವನ್ನೇ ಮುಂದೆ ಸರಿಸಬೇಕು. ಹಾಗೆ ಸರಿಸಿದ ಮೇಲೂ ಇಂಜಿನ್ ಹೊತ್ತ ಹಿಂಭಾಗಕ್ಕೆ ಕೆಳಗಿನ ಆಸರೆ ಹಲಗೆಗಳು ಪೂರ್ತಿ ಸಿಗುತ್ತಿವೆಯೇ ನೋಡಿಕೊಳ್ಳಿ.

ಮೂರು ಮಿಲಿಮೀಟರಿನ ವ್ಯತ್ಯಾಸ

ಹಿಚ್ ಬಾಲ್ ಎಂದರೆ ಉಕ್ಕಿನ ಗುಂಡು. ಅದನ್ನು ಮೇಲಿನಿಂದ ಕವುಚಿ ಹಿಡಿಯುವ ಟ್ರೇಲರಿನ ಬಾಯಿಗೆ ಕಪ್ಲರ್ ಎನ್ನುತ್ತಾರೆ. ಹಗುರ ಟ್ರೇಲರುಗಳಲ್ಲಿ ಸಾಮಾನ್ಯವಾಗಿ ಕಾಣುವ ಗುಂಡುಗಳು ಎರಡು ಅಳತೆಯವು: ಒಂದು ಮುಕ್ಕಾಲಿಗಿಂತ ಅರೆಪಾವು ಹೆಚ್ಚು, ಅಂದರೆ 1-7/8 ಇಂಚು, ಮತ್ತು 2 ಇಂಚು. ನೋಡಲು ಎರಡೂ ಒಂದೇ. ವ್ಯತ್ಯಾಸ ಮೂರು ಮಿಲಿಮೀಟರ್ ಚಿಲ್ಲರೆ. ಚಿಕ್ಕ ಗುಂಡಿನ ಮೇಲೆ ದೊಡ್ಡ ಬಾಯಿ ಸಲೀಸಾಗಿ ಕೂರುತ್ತದೆ, ಅಗುಳಿ ಬೀಳುತ್ತದೆ, ಬೀದಿಯ ತುದಿವರೆಗೆ ಚೆನ್ನಾಗಿಯೇ ಬರುತ್ತದೆ. ಚಳಿಗಾಲದ ಹಿಮ ರಸ್ತೆಯಲ್ಲಿ ಕೊರೆದಿಟ್ಟ ಮೊದಲ ಹಳ್ಳಕ್ಕೆ ಚಕ್ರ ಬಿದ್ದಾಗ ಮೂತಿ ಮೇಲಕ್ಕೆ ಹಾರುತ್ತದೆ, ಗುಂಡು ಬಾಯಿಂದ ನುಸುಳಿ ಆಚೆ ಬರುತ್ತದೆ. ಅಳತೆ ಗುಂಡಿನ ನೆತ್ತಿಯ ಮೇಲೂ ಕಪ್ಲರಿನ ಮೇಲೂ ಅಚ್ಚೊತ್ತಿರುತ್ತದೆ. ಎರಡನ್ನೂ ಕಣ್ಣಾರೆ ಓದಿ. ಮಾರಿದವನು ಹೇಳಿದ ಮಾತು ಇಲ್ಲಿ ಸಾಕ್ಷಿಯಲ್ಲ.

ಅಳತೆ ಸರಿಯಿದ್ದರೂ ಇನ್ನೊಂದು ಮೋಸವಿದೆ. ಕಪ್ಲರಿನ ಒಳಗೆ ನಾಲಗೆಯಂಥ ಒಂದು ತುಂಡು ಇದ್ದು, ಅಗುಳಿ ಹಾಕಿದಾಗ ಅದು ಗುಂಡಿನ ಅಡಿಗೆ ಬಂದು ಕಚ್ಚಬೇಕು. ಗುಂಡು ಪೂರ್ತಿ ಒಳಗೆ ಹೋಗದೆ ಬಾಯಿ ಮೇಲೇ ಕೂತಿದ್ದರೂ ಕೆಲವೊಮ್ಮೆ ಅಗುಳಿ ಬಿದ್ದಂತೆ ಕಾಣುತ್ತದೆ. ನಾಲಗೆ ಗುಂಡಿನ ಅಡಿಯಲ್ಲಿ ಕಚ್ಚದೆ ಪಕ್ಕಕ್ಕೆ ಒತ್ತಿ ನಿಂತಿರುತ್ತದೆ. ಆದ್ದರಿಂದ ಅಗುಳಿ ಹಾಕಿ, ಅದಕ್ಕೆ ಪಿನ್ ತೂರಿಸಿದ ಮೇಲೆ ಬಗ್ಗಿ ಕೆಳಗಿನಿಂದ ನೋಡಿ, ಬೆರಳಾಡಿಸಿ. ಆಮೇಲೆ ಟ್ರೇಲರಿನ ಮೂತಿಯ ಜ್ಯಾಕನ್ನು ಮತ್ತೆ ಮೇಲಕ್ಕೆ ತಿರುಗಿಸಿ. ಗಾಡಿಯ ಹಿಂಭಾಗವೂ ಜೊತೆಗೇ ಎರಡು ಇಂಚು ಏಳಬೇಕು. ಎದ್ದರೆ ಕಚ್ಚಿದೆ ಎಂದರ್ಥ. ಮೂತಿ ಮಾತ್ರ ಎದ್ದು ಬಂದರೆ, ಮನೆ ಮುಂದೆಯೇ ಗೊತ್ತಾಯಿತಲ್ಲ ಎಂದು ದೇವರಿಗೆ ಕೈಮುಗಿದು ಮತ್ತೆ ಮೊದಲಿಂದ ಶುರು ಮಾಡಿ. ಇಡೀ ಲೇಖನದಲ್ಲಿ ಒಂದೇ ಸಂಗತಿ ನೆನಪಿಡುವುದಾದರೆ ಈ ಜ್ಯಾಕ್ ಪರೀಕ್ಷೆಯನ್ನೇ ನೆನಪಿಡಿ ಎನ್ನುತ್ತೇನೆ. ಅರ್ಧ ನಿಮಿಷದ ಕೆಲಸ.

ಸುರಕ್ಷತಾ ಸರಪಳಿಗಳು ಎರಡಿರುತ್ತವೆ. ಎಡಗಡೆಯದನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ, ಮೂತಿಯ ಅಡಿಯಲ್ಲಿ ಕತ್ತರಿ ಹಾಕಿದಂತೆ ಸಿಕ್ಕಿಸಬೇಕು. ಗುಂಡು ಬಿಟ್ಟುಕೊಟ್ಟರೂ ಮೂತಿ ರಸ್ತೆಗೆ ಚುಚ್ಚದೆ ಆ ಕತ್ತರಿಯ ಮೇಲೆ ಬಿದ್ದು ನಿಲ್ಲುತ್ತದೆ. ತಿರುವಿನಲ್ಲಿ ಬಿಗಿಯಾಗದಷ್ಟು ಉದ್ದ ಇರಲಿ, ನೆಲಕ್ಕೆ ತಾಗುವಷ್ಟು ಬೇಡ. ರಸ್ತೆಗೆ ಉಜ್ಜಿದ ಸರಪಳಿಯ ಕಿಡಿ ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಹಚ್ಚುತ್ತದೆ.

ದೀಪದ ತಂತಿಯಲ್ಲಿ ಸಾಮಾನ್ಯವಾಗಿ ನಾಲ್ಕು ಬಣ್ಣ. ಕಂದು ಹಿಂದಿನ ದೀಪಕ್ಕೆ, ಹಳದಿ ಎಡಗಡೆಯ ಬ್ರೇಕ್ ಮತ್ತು ತಿರುವಿಗೆ, ಹಸಿರು ಬಲಗಡೆಯದಕ್ಕೆ, ಬಿಳಿ ಅರ್ಥಿಂಗಿಗೆ. ದೀಪ ಮಿಣಮಿಣ ಎಂದರೆ, ಅಥವಾ ಬ್ರೇಕ್ ಒತ್ತಿದಾಗ ಸಂಬಂಧವಿಲ್ಲದ ದೀಪ ಉರಿದರೆ, ಮೊದಲು ಬಿಳಿ ತಂತಿಯ ಬೋಲ್ಟ್ ಹತ್ತಿರ ತುಕ್ಕು ಹಿಡಿದಿದೆಯೇ ನೋಡಿ. ಮಂಡ್ಯದ ಕಡೆ ರಾತ್ರಿ ಹೊತ್ತು ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡವರಿಗೆ ಇದರ ಮಹತ್ವ ಬಿಡಿಸಿ ಹೇಳಬೇಕಿಲ್ಲ.

ದೋಣಿಯನ್ನು ಮುಂದಿನಿಂದ ಎಳೆದು ಹಿಡಿದಿರುವ ವಿಂಚಿನ ಪಟ್ಟಿಯೊಂದನ್ನೇ ನಂಬಿ ಹೊರಡಬೇಡಿ. ಮೂಗಿಗೆ ಬೇರೆ ಸರಪಳಿ, ಹಿಂಭಾಗದ ಎರಡೂ ಮೂಲೆಗೆ ಬಿಗಿಪಟ್ಟಿ ಇರಲೇಬೇಕು.

ಬ್ರೇಕು, ಟೈರು, ಬೇರಿಂಗು

ದೋಣಿಯ ಟ್ರೇಲರಿಗೆ ಹೆಚ್ಚಾಗಿ ಹೈಡ್ರಾಲಿಕ್ ಸರ್ಜ್ ಬ್ರೇಕ್ ಇರುತ್ತದೆ. ಗಾಡಿ ನಿಧಾನವಾದಾಗ ಟ್ರೇಲರ್ ಮುಂದಕ್ಕೆ ನುಗ್ಗುತ್ತದಲ್ಲ, ಆ ನೂಕಿಗೇ ಮೂತಿಯೊಳಗಿನ ಸಿಲಿಂಡರ್ ಒತ್ತಿಕೊಂಡು ಟ್ರೇಲರಿನ ಬ್ರೇಕ್ ಹಿಡಿಯುತ್ತದೆ. ವಿದ್ಯುತ್ ಬ್ರೇಕಿಗೂ ನೀರಿಗೂ ಅಷ್ಟಾಗಿ ಹೊಂದದ ಕಾರಣ ಈ ಏರ್ಪಾಡು. ಜಾಣತನದ ವ್ಯವಸ್ಥೆ, ಆದರೆ ಒಂದು ಎಡವಟ್ಟು: ರಿವರ್ಸ್ ಹೋಗುವಾಗಲೂ ಗಾಡಿ ಟ್ರೇಲರನ್ನು ಹಿಂದಕ್ಕೆ ನೂಕುವುದರಿಂದ ಬ್ರೇಕ್ ತಾನಾಗಿಯೇ ಹಿಡಿದುಕೊಳ್ಳಬಹುದು. ಡಿಸ್ಕ್ ಬ್ರೇಕ್ ಇರುವ ಟ್ರೇಲರುಗಳಲ್ಲಿ ಇದಕ್ಕೆಂದೇ ಐದನೆಯ ತಂತಿಯೊಂದನ್ನು ಗಾಡಿಯ ರಿವರ್ಸ್ ದೀಪಕ್ಕೆ ಸೇರಿಸಿರುತ್ತಾರೆ. ರಿವರ್ಸ್ ಗೇರ್ ಬಿದ್ದಾಗ ಅದು ಬ್ರೇಕಿನ ಎಣ್ಣೆಯ ದಾರಿ ಮುಚ್ಚುತ್ತದೆ. ಇಳಿಜಾರಿನಲ್ಲಿ ಟ್ರೇಲರ್ ಹಟ ಹಿಡಿದು ಹಿಂದೆ ಹೋಗದಿದ್ದರೆ ಮೊದಲು ಆ ತಂತಿಯನ್ನು ಅನುಮಾನಿಸಿ.

ಟ್ರೇಲರಿನ ಟೈರು ಸವೆದು ಹಾಳಾಗುವುದಕ್ಕಿಂತ ವಯಸ್ಸಾಗಿ ಹಾಳಾಗುವುದೇ ಹೆಚ್ಚು. ವರ್ಷದ ಬಹುಪಾಲು ನಿಂತಲ್ಲೇ ನಿಂತಿರುತ್ತದಲ್ಲ, ಗೀರು ಹೊಸದರಂತೆ ಕಾಣುತ್ತದೆ, ಒಳಗಿನ ರಬ್ಬರು ಸತ್ತಿರುತ್ತದೆ. ಟೈರಿನ ಪಕ್ಕದಲ್ಲಿರುವ ಡಿಒಟಿ (ಅಮೆರಿಕದ ಸಾರಿಗೆ ಇಲಾಖೆ) ಸಂಕೇತದ ಕೊನೆಯ ನಾಲ್ಕು ಅಂಕಿ ಓದಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಇನ್ನು ಗಾಳಿ. ಕಡಿಮೆ ಗಾಳಿಯ ಟೈರು ಬಿಸಿಯಾಗಿ ಸಿಡಿಯುತ್ತದೆ, ಓಲಾಟವನ್ನೂ ಹೆಚ್ಚಿಸುತ್ತದೆ.

ಬೇರಿಂಗಿನ ವಿಷಯ ದೋಣಿಯ ಟ್ರೇಲರಿಗೇ ವಿಶೇಷ, ಬೇರೆ ಯಾವ ಟ್ರೇಲರನ್ನೂ ಯಾರೂ ನೀರಿಗೆ ಇಳಿಸುವುದಿಲ್ಲವಲ್ಲ. ನೂರು ಮೈಲಿ ಓಡಿ ಬಂದ ಚಕ್ರದ ನಡುವೆ ಬೇರಿಂಗ್ ಕೂತಿರುವ ಹಬ್ ಬಿಸಿಯಾಗಿರುತ್ತದೆ, ಒಳಗಿನ ಗಾಳಿ ಹಿಗ್ಗಿರುತ್ತದೆ. ಹಾಗೆಯೇ ತಣ್ಣನೆಯ ಕೆರೆಗೆ ಅದ್ದಿದರೆ ಆ ಗಾಳಿ ಒಮ್ಮೆಲೇ ಕುಗ್ಗಿ, ಹಳೆಯ ಸೀಲಿನ ಸಂದಿಯಿಂದ ನೀರನ್ನು ಒಳಗೆ ಹೀರುತ್ತದೆ. ನೀರು ಗ್ರೀಸಿನಲ್ಲಿ ಬೆರೆತು ಹಾಲಿನ ಬಣ್ಣಕ್ಕೆ ತಿರುಗುತ್ತದೆ, ಬೇರಿಂಗ್ ತುಕ್ಕು ಹಿಡಿಯುತ್ತದೆ. ಮುಂದಿನ ಪ್ರಯಾಣದಲ್ಲಿ ಅದು ಕಾದು ಸಿಕ್ಕಿಬಿದ್ದರೆ ಚಕ್ರ ಅಚ್ಚಿನಿಂದ ಕಳಚಿ ತನ್ನ ಪಾಡಿಗೆ ತಾನು ಹೊಲದ ಕಡೆ ಹೋಗುತ್ತದೆ. ಇದು ತಮಾಷೆಗೆ ಹೇಳಿದ್ದಲ್ಲ. ಕೆರೆ ತಲುಪಿದ ಮೇಲೆ ಹಬ್ ತಣಿಯುವವರೆಗೆ ಸ್ವಲ್ಪ ಕಾಯಿರಿ. ದಾರಿಯಲ್ಲಿ ನಿಂತಾಗಲೆಲ್ಲ ಪ್ರತಿ ಹಬ್ಬಿನ ಹತ್ತಿರ ಅಂಗೈ ಹಿಡಿದು ನೋಡಿ, ಸುಡುತ್ತಿಲ್ಲ ಎನಿಸಿದರೆ ಮುಟ್ಟಿ. ಬೆಚ್ಚಗಿದ್ದರೆ ಸರಿ. ಒಂದು ಕಡೆಯದು ಮಾತ್ರ ಕೈ ಇಡಲಾಗದಷ್ಟು ಬಿಸಿ ಇದ್ದರೆ ಬೇರಿಂಗ್ ಹೋಗುತ್ತಿದೆ, ಇಲ್ಲವೇ ಬ್ರೇಕ್ ಹಿಡಿದುಕೊಂಡಿದೆ. ಅಲ್ಲಿಂದ ಮುಂದೆ ಹೋಗಬೇಡಿ.

ಓಲಾಟ ಯಾಕೆ ಬೆಳೆಯುತ್ತದೆ

ದೊಡ್ಡ ಲಾರಿಯೊಂದು ಪಕ್ಕದಲ್ಲಿ ಹಾದುಹೋಗುತ್ತದೆ. ಅದರ ಮುಂದಿನ ಗಾಳಿ ಟ್ರೇಲರನ್ನು ಆಚೆಗೆ ತಳ್ಳುತ್ತದೆ, ಆಮೇಲೆ ಈಚೆಗೆ ಎಳೆಯುತ್ತದೆ. ಗುಂಡಿನ ಮೇಲೆ ಟ್ರೇಲರ್ ಎಡಕ್ಕೂ ಬಲಕ್ಕೂ ತಿರುಗಬಲ್ಲದು, ತಡೆಯುವುದು ಅದರ ಟೈರು ಮಾತ್ರ. ಪಕ್ಕಕ್ಕೆ ಸರಿದ ಟ್ರೇಲರನ್ನು ಟೈರು ಮತ್ತೆ ಸಾಲಿಗೆ ತರುತ್ತದೆ, ಆದರೆ ಬಂದ ರಭಸಕ್ಕೆ ಅದು ಸಾಲು ದಾಟಿ ಆಚೆ ಬದಿಗೆ ಹೋಗುತ್ತದೆ, ಮತ್ತೆ ಮರಳುತ್ತದೆ. ಕಡಿಮೆ ವೇಗದಲ್ಲಿ ಪ್ರತಿ ಸಲವೂ ಓಲಾಟ ಚಿಕ್ಕದಾಗುತ್ತಾ ಎರಡು ಮೂರು ಸಲಕ್ಕೆ ನಿಲ್ಲುತ್ತದೆ. ವೇಗ ಏರಿದಷ್ಟೂ ಹೀಗೆ ತಣಿಯುವ ಗುಣ ಇಳಿಯುತ್ತದೆ. ಪ್ರತಿಯೊಂದು ಗಾಡಿ ಮತ್ತು ಟ್ರೇಲರ್ ಜೋಡಿಗೂ ಒಂದು ಗಡಿ ವೇಗವಿರುತ್ತದೆ. ಅದನ್ನು ದಾಟಿದರೆ ಓಲಾಟ ತಣಿಯುವ ಬದಲು ಸಲದಿಂದ ಸಲಕ್ಕೆ ಬೆಳೆಯುತ್ತದೆ, ಕೊನೆಗೆ ಬಾಲವೇ ನಾಯಿಯನ್ನು ಅಲ್ಲಾಡಿಸುತ್ತದೆ.

ಆ ಗಡಿ ವೇಗವನ್ನು ಕೆಳಗಿಳಿಸುವ ದೊಡ್ಡ ಖಳನಾಯಕ ಹಿಂಭಾರ. ಭಾರ ಅಚ್ಚಿನ ಹಿಂದೆ ಕೂತಿದ್ದರೆ 70 ಮೈಲಿಯಲ್ಲಿ ಆಗಬೇಕಾದ್ದು 50ರಲ್ಲೇ ಆಗಬಹುದು. ಇಳಿಜಾರು ಇನ್ನೂ ಕೆಟ್ಟದ್ದು, ಅಲ್ಲಿ ಟ್ರೇಲರ್ ಗಾಡಿಯನ್ನು ಹಿಂದಿನಿಂದ ನೂಕುತ್ತಿರುತ್ತದೆ. ದೋಣಿಯ ವಿಷಯದಲ್ಲಿ ಇನ್ನೊಂದು ಸಂಗತಿಯೂ ಸೇರಿಕೊಳ್ಳುತ್ತದೆ. ಇಂಜಿನ್ ತೀರಾ ಹಿಂದಿನ ತುದಿಯಲ್ಲಿದೆ. ಒಟ್ಟು ಭಾರ ಸಮತೂಕದಲ್ಲಿದ್ದರೂ, ಅದು ನಡುವೆ ಗುಡ್ಡೆಯಾಗಿರುವುದಕ್ಕೂ ಎರಡು ತುದಿಗಳಲ್ಲಿ ಹಂಚಿರುವುದಕ್ಕೂ ವ್ಯತ್ಯಾಸವಿದೆ. ತುದಿಯಲ್ಲಿರುವ ಭಾರ ಒಮ್ಮೆ ತಿರುಗಲು ಶುರುವಾದರೆ ನಿಲ್ಲಿಸುವುದು ಕಷ್ಟ. ಹಾಗಾಗಿ ಹಿಂದೆ ಇಂಜಿನ್ ಇದೆ ಎಂದು ಮೂಗಿನ ತುದಿಯಲ್ಲಿ ಲಂಗರು, ಸರಪಳಿ ಎಲ್ಲ ಪೇರಿಸಿ ಸರಿದೂಗಿಸುವುದಕ್ಕಿಂತ, ಸಾಮಾನನ್ನು ಅಚ್ಚಿಗೆ ಹತ್ತಿರ, ಅದರ ತುಸು ಮುಂದೆ ಇಡುವುದು ಮೇಲು.

ಓಲಾಟ ಶುರುವಾದರೆ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಸ್ಟೇರಿಂಗನ್ನು ನೇರವಾಗಿ, ಗಟ್ಟಿಯಾಗಿ ಹಿಡಿದುಕೊಳ್ಳಿ. ಟ್ರೇಲರ್ ಎಡಕ್ಕೆ ಹೋಯಿತೆಂದು ಬಲಕ್ಕೆ ತಿರುಗಿಸಲು ಹೋದರೆ ನಿಮ್ಮ ಕೈ ಯಾವಾಗಲೂ ಅರ್ಧ ಕ್ಷಣ ತಡ, ಓಲಾಟಕ್ಕೆ ನೀವೇ ಜೋಲಿ ತೂಗಿದಂತಾಗುತ್ತದೆ. ಜೋರಾಗಿ ಬ್ರೇಕ್ ಒತ್ತಬೇಡಿ, ಅಡ್ಡಡ್ಡವಾಗಿ ನಿಂತ ಟ್ರೇಲರ್ ಆಗ ಗಾಡಿಯ ಬೆನ್ನನ್ನು ಪಕ್ಕಕ್ಕೆ ನೂಕಿ ಮಡಚಿಹಾಕುತ್ತದೆ. ವೇಗ ಹೆಚ್ಚಿಸಿದರೆ ಟ್ರೇಲರ್ ನೇರವಾಗುತ್ತದೆ ಎಂದು ಹೇಳುವ ಮಹಾನುಭಾವರೂ ಇದ್ದಾರೆ. ನೇರವಾದರೂ ನೀವು ಗಡಿ ವೇಗದಿಂದ ಇನ್ನಷ್ಟು ಮೇಲೆ ಹೋಗಿರುತ್ತೀರಿ. ಓಲಾಟ ತಣಿದ ಮೇಲೆ ಮೆತ್ತಗೆ ಬದಿಗೆ ನಿಲ್ಲಿಸಿ, ಇಳಿದು, ಭಾರ ಸರಿಸಿ. ಓಲಾಟ ತಡೆಯುವ ಉಪಕರಣಗಳನ್ನು ಅಂಗಡಿಯವರು ತೋರಿಸುತ್ತಾರೆ. ಭಾರ ತಪ್ಪಾಗಿ ಕೂತಿರುವಾಗ ಅವನ್ನು ಕೊಳ್ಳುವುದು ಜ್ವರಕ್ಕೆ ಥರ್ಮಾಮೀಟರ್ ಬದಲಿಸಿದ ಹಾಗೆ.

ವೇಗದ ಬಗ್ಗೆ ಇನ್ನೊಂದು ಲೆಕ್ಕ. 55 ಮೈಲಿ ವೇಗದಿಂದ 65ಕ್ಕೆ ಹೋದರೆ ಬ್ರೇಕುಗಳು ಅರಗಿಸಿಕೊಳ್ಳಬೇಕಾದ ಶಕ್ತಿ ಸುಮಾರು ಶೇಕಡಾ 40 ಹೆಚ್ಚುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವ ಗಾಡಿಗಳಿಗೆ 55 ಮೈಲಿಯೇ ಮಿತಿ. ಬೇರೆ ರಾಜ್ಯದವರು ಅದನ್ನು ನೋಡಿ ನಗುತ್ತಾರೆ, ನನಗೇನೋ ಅದು ತಕ್ಕ ವೇಗ ಅನಿಸುತ್ತದೆ.

ಕೆರೆಯ ದಂಡೆಯಲ್ಲಿ

ಯೂಟ್ಯೂಬಿನಲ್ಲಿ ಜನ ನಗುವುದು ದೋಣಿಯನ್ನು ನೀರಿಗಿಳಿಸುವ ಇಳಿಜಾರಿನ ರ‍್ಯಾಂಪಿನಲ್ಲಿ ಪಿಕಪ್ಪಿನ ಸಮೇತ ನೀರಿಗಿಳಿದವರನ್ನು ನೋಡಿ. ಅಲ್ಲಿ ಸಾಮಾನ್ಯವಾಗಿ ಹೋಗುವುದು ದುಡ್ಡು ಮತ್ತು ಮರ್ಯಾದೆ. ರಸ್ತೆಯಲ್ಲಿ ಹೋಗುವುದು ಜೀವ. ಆದ್ದರಿಂದ ರಿವರ್ಸ್ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ: ಸ್ಟೇರಿಂಗಿನ ಕೆಳತುದಿಯನ್ನು ಒಂದು ಕೈಯಲ್ಲಿ ಹಿಡಿಯಿರಿ. ಕೈ ಯಾವ ಕಡೆ ಹೋಯಿತೋ ಟ್ರೇಲರಿನ ಬೆನ್ನು ಆ ಕಡೆಗೇ ಹೋಗುತ್ತದೆ. ಚೂರು ಚೂರೇ ತಿರುಗಿಸಿ, ತಪ್ಪಿದರೆ ಮುಂದೆ ಬಂದು ನೇರ ಮಾಡಿಕೊಂಡು ಮತ್ತೆ ಹೋಗಿ. ಭಾನುವಾರ ಬೆಳಗ್ಗೆ ಖಾಲಿ ಪಾರ್ಕಿಂಗ್ ಜಾಗದಲ್ಲಿ ಕಲಿಯುವ ವಿದ್ಯೆ ಇದು. ಹಿಂದೆ ಹತ್ತು ದೋಣಿ ಕಾಯುತ್ತಿರುವಾಗ ಕಲಿಯುವುದಲ್ಲ.

ಬಿಗಿಪಟ್ಟಿ ಬಿಚ್ಚುವುದು, ಸಾಮಾನು ತುಂಬುವುದು ಎಲ್ಲವನ್ನೂ ರ‍್ಯಾಂಪಿನ ಮೇಲಲ್ಲದೆ ಪಕ್ಕದ ಜಾಗದಲ್ಲೇ ಮುಗಿಸಿ. ಆದರೆ ವಿಂಚಿನ ಪಟ್ಟಿಯನ್ನೂ ಮೂಗಿನ ಸರಪಳಿಯನ್ನೂ ದೋಣಿ ನೀರು ಮುಟ್ಟುವವರೆಗೆ ಬಿಚ್ಚಕೂಡದು. ಒದ್ದೆಯಾದ ಆಸರೆ ಹಲಗೆಗಳ ಮೇಲಿಂದ ದೋಣಿ ಜಾರಿ ಕಾಂಕ್ರೀಟಿನ ಮೇಲೆ ಕೂರಲು ಹೆಚ್ಚು ಹೊತ್ತು ಬೇಡ. ಇಳಿಜಾರಿನಲ್ಲಿ ಗಾಡಿಯಿಂದ ಇಳಿಯುವ ಮುನ್ನ ಪಾರ್ಕಿಂಗ್ ಬ್ರೇಕ್ ಎಳೆದು, ಚಕ್ರಕ್ಕೆ ಅಡ್ಡ ಕೊಡಿ. ನೀರಿನ ಅಂಚಿನಲ್ಲಿ ಪಾಚಿ ಇರುತ್ತದೆ, ಟೈರಿಗೂ ಚಪ್ಪಲಿಗೂ ಅದು ಒಂದೇ. ವಾಪಸು ಹತ್ತಿಸುವಾಗ ಇಂಜಿನ್ ಜೋರು ಮಾಡಿ ದೋಣಿಯನ್ನು ಟ್ರೇಲರಿಗೆ ನುಗ್ಗಿಸುವ ಅಭ್ಯಾಸ ಬೇಡ. ಪ್ರೊಪೆಲರಿನ ನೀರು ರ‍್ಯಾಂಪಿನ ತುದಿಯ ಮಣ್ಣು ಕೊರೆದು ಹಳ್ಳ ಮಾಡುತ್ತದೆ, ಮುಂದೆ ಬಂದವರ ಟ್ರೇಲರಿನ ಚಕ್ರ ಆ ಹಳ್ಳಕ್ಕೆ ಇಳಿಯುತ್ತದೆ.

ಹೊರಡುವಾಗ ಕೊನೆಯ ಕೆಲಸ ದೋಣಿಯ ತಳದಲ್ಲಿ ನೀರು ಬಸಿಯುವ ತೂತಿನ ಬಿರಡೆ, ಅಂದರೆ ಡ್ರೇನ್ ಪ್ಲಗ್ ತೆಗೆಯುವುದು. ಒಳಗೆ ಉಳಿದ ನೀರು ಗ್ಯಾಲನ್ನಿಗೆ ಎಂಟು ಪೌಂಡಿಗಿಂತ ಹೆಚ್ಚು ತೂಗುತ್ತದೆ, ಅದೂ ಹಿಂಭಾಗದಲ್ಲಿ ನಿಲ್ಲುತ್ತದೆ. ಮಿನೆಸೋಟಾದಲ್ಲಿ ಇದಕ್ಕೆ ಕಾನೂನಿನ ಕಾರಣವೂ ಇದೆ. 1988ರಲ್ಲಿ ಗ್ರೇಟ್ ಲೇಕ್ಸ್ ಪ್ರದೇಶದಲ್ಲಿ ಕಾಣಿಸಿಕೊಂಡ ಜೀಬ್ರಾ ಮಸಲ್ ಎಂಬ ಚಿಪ್ಪುಜೀವಿ ದೋಣಿಗಳ ಜೊತೆ ಕೆರೆಯಿಂದ ಕೆರೆಗೆ ಹಬ್ಬಿತು. ಅದರ ಮರಿಗಳು ಕಣ್ಣಿಗೆ ಕಾಣದಷ್ಟು ಚಿಕ್ಕವು, ತಳದಲ್ಲಿ ನಿಂತ ನೀರಿನಲ್ಲೇ ಪ್ರಯಾಣ ಮಾಡುತ್ತವೆ. ಹಾಗಾಗಿ ಅಂಟಿಕೊಂಡ ಕಳೆಯನ್ನು ಕಿತ್ತು, ನೀರು ಬಸಿದು, ಪ್ಲಗ್ ತೆಗೆದೇ ರಸ್ತೆಗೆ ಇಳಿಯಬೇಕು. ತೆಗೆದದ್ದನ್ನು ಮುಂದಿನ ಸಲ ಹಾಕಲು ಮರೆತರೆ ದೋಣಿ ರ‍್ಯಾಂಪಿನ ಪಕ್ಕದಲ್ಲೇ ನೀರು ಕುಡಿಯಲು ಶುರುಮಾಡುತ್ತದೆ. ಅದಕ್ಕೇ ಇಲ್ಲಿ ಕೆಲವರು ಪ್ಲಗ್ಗನ್ನು ದೋಣಿಯ ಇಂಜಿನ್ ಕೀಲಿಗೇ ಕಟ್ಟಿಡುತ್ತಾರೆ. ಪ್ಲಗ್ ಕೈಗೆ ಬರದೆ ಇಂಜಿನ್ ಶುರುವಾಗುವ ಹಾಗೇ ಇಲ್ಲ.